ಓದುಗರ ಪ್ರಶ್ನೆ, ನಮ್ಮ ಉತ್ತರ: ಊರು ಬಿಟ್ಟ ಹಕ್ಕಾ ಜನ

ಪ್ರಶ್ನೆ: ಟೊರಾಂಟೊದಲ್ಲಿರುವ ಮಗ ಕಳಿಸಿದ ಫೋಟೊ ಒಂದರಲ್ಲಿ ಹೋಟೆಲಿನ ಬೋರ್ಡಿನ ಮೇಲೆ ‘ಹಕ್ಕಾ’ ಎಂದು ದೊಡ್ಡದಾಗಿ ಬರೆದಿದೆ. ಒಳಗೆ ಸಿಗುವುದು ಮಾತ್ರ ಚಿಲ್ಲಿ ಪನೀರ್ ಮತ್ತು ಮಂಚೂರಿಯಂತೆ. ಹುಬ್ಬಳ್ಳಿಯ ದುರ್ಗದ ಬೈಲಿನ ಗಾಡಿಗಳಲ್ಲಿಯೂ ಹಕ್ಕಾ ನೂಡಲ್ಸ್ ಮಾರುತ್ತಾರೆ. ಹಕ್ಕಾ ಎಂಬುದು ಊರೇ, ಅಡುಗೆಯ ಬಗೆಯೇ?
– ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ಎರಡೂ ಅಲ್ಲ, ಅದೊಂದು ಜನಸಮುದಾಯ. ಚೀನಾದ ಬಹುಸಂಖ್ಯಾತ ಹಾನ್ ಜನರ ಒಂದು ಕವಲಾದ ಇವರು, ತಮ್ಮ ಮನೆತನಗಳ ವಂಶಾವಳಿಗಳು ಹೇಳುವಂತೆ, ಉತ್ತರದ ಬಯಲಿನಿಂದ ಶತಮಾನಗಳ ಕಾಲ ತಂಡತಂಡವಾಗಿ ದಕ್ಷಿಣಕ್ಕೆ ಸರಿದು, ಗುವಾಂಗ್‌ಡಾಂಗ್, ಫೂಜಿಯಾನ್, ಜಿಯಾಂಗ್‌ಷಿ ಪ್ರಾಂತ್ಯಗಳು ಕೂಡುವ ಗುಡ್ಡಗಾಡಿನಲ್ಲಿ ನೆಲೆನಿಂತರು. ಹೊರಗಿನಿಂದ ಬಂದವರೆಂದು ಸ್ಥಳೀಯರು ಇಟ್ಟ ಹೆಸರೇ ಕಡೆಗೆ ಅವರದಾಯಿತು. ಒಳ್ಳೆಯ ಜಮೀನು ಮೊದಲೇ ಬೇರೆಯವರ ಪಾಲಾಗಿತ್ತು. ಹೆಂಗಸರೂ ಹೊಲಗದ್ದೆಗಳಲ್ಲಿ ದುಡಿಯಬೇಕಿತ್ತು. ಆ ಕಾಲದ ಚೀನಾದಲ್ಲಿ ಹೆಣ್ಣುಮಕ್ಕಳ ಪಾದಗಳನ್ನು ಕಟ್ಟಿ ಕುಗ್ಗಿಸುತ್ತಿದ್ದ ಪದ್ಧತಿ ಇವರಲ್ಲಿ ಇರಲಿಲ್ಲ.

ತಮ್ಮ ಮಗ ಕಂಡ ಬೋರ್ಡಿನ ಕಥೆ ಮಾತ್ರ ಚೀನಾದ್ದಲ್ಲ, ಕೋಲ್ಕತ್ತದ್ದು. ಅಲ್ಲಿಗೆ ಬಂದ ಚೀನೀಯರಲ್ಲಿ ಕಸುಬು ಹಂಚಿಹೋಗಿತ್ತು: ಕ್ಯಾಂಟನ್ ಕಡೆಯವರು ಬಡಗಿಗಳು, ಹುಬೈ ಪ್ರಾಂತ್ಯದವರು ಹಲ್ಲಿನ ವೈದ್ಯರು, ಹಕ್ಕಾ ಜನ ಚರ್ಮ ಹದ ಮಾಡುವವರು ಮತ್ತು ಚಪ್ಪಲಿ ಅಂಗಡಿಯವರು. ನಮ್ಮ ಮೇಲ್ಜಾತಿಗಳು ಮುಟ್ಟದೆ ಬಿಟ್ಟ ಕಸುಬಾದ್ದರಿಂದ ಹೊಸಬರಿಗೆ ಅಲ್ಲಿ ಜಾಗವಿತ್ತು. ನಗರದ ಪೂರ್ವದ ಅಂಚಿನ ಟ್ಯಾಂಗ್ರಾ ಅವರ ಕೇರಿಯಾಗಿ ಬೆಳೆಯಿತು. 1962ರ ಯುದ್ಧ ಈ ಬದುಕನ್ನು ಬುಡಸಮೇತ ಅಲ್ಲಾಡಿಸಿತು. ಅಸ್ಸಾಂ, ಡಾರ್ಜಿಲಿಂಗ್ ಮುಂತಾದೆಡೆಯ ಸುಮಾರು ಮೂರು ಸಾವಿರ ಚೀನೀ ಮೂಲದವರನ್ನು, ಇಲ್ಲಿಯೇ ಹುಟ್ಟಿದವರೆಂಬುದನ್ನೂ ನೋಡದೆ, ರೈಲಿನಲ್ಲಿ ರಾಜಸ್ಥಾನದ ದೇವಳಿಗೆ ಒಯ್ದು ಶಿಬಿರದಲ್ಲಿ ಕೂಡಿಹಾಕಲಾಯಿತು. ನಮ್ಮ ಗಣರಾಜ್ಯದ ಇತಿಹಾಸದಲ್ಲಿ ಇದು ನಾಚಿಕೆಯ ಪುಟ. ಶಾಲೆಯ ಪುಸ್ತಕಗಳಲ್ಲಿ ಇದನ್ನು ಕಂಡ ನೆನಪು ನನಗಿಲ್ಲ. ಆ ಮೇಲೆ ಅನೇಕ ಕುಟುಂಬಗಳು ಕೆನಡಾದ ದಾರಿ ಹಿಡಿದವು. 1996ರಲ್ಲಿ ಸುಪ್ರೀಂ ಕೋರ್ಟು ಮಾಲಿನ್ಯದ ಕಾರಣದಿಂದ ಚರ್ಮದ ಕಾರ್ಖಾನೆಗಳನ್ನು ನಗರದಿಂದ ಹೊರಗೆ ಸಾಗಿಸಲು ಆದೇಶಿಸಿದ ಮೇಲೆ ಉಳಿದವರಲ್ಲಿಯೂ ಹಲವರು ಹೊರಟರು, ಕೆಲವರು ಟ್ಯಾಂಗ್ರಾದಲ್ಲಿಯೇ ಹೋಟೆಲು ನಡೆಸಿದರು.

ಟೊರಾಂಟೊದಲ್ಲಿ ‘ಹಕ್ಕಾ’ ಎಂದರೆ ಈಗ ಕೋಲ್ಕತ್ತದಿಂದ ಹೋದ ಚಿಲ್ಲಿ ಪನೀರ್, ಮಂಚೂರಿಯ ಈ ಅಡುಗೆಯೇ. ಮೂಲ ಸೀಮೆಯ ಊಟ ಬೇರೆ: ಉಪ್ಪಿನಲ್ಲಿ ಹಾಕಿ ಒಣಗಿಸಿದ ಸಾಸಿವೆ ಸೊಪ್ಪಿನೊಡನೆ ಬೇಯಿಸಿದ ಹಂದಿಮಾಂಸ, ಒಳಗೆ ಖೀಮಾ ತುಂಬಿದ ತೋಫು, ಬಿಸಿ ಉಪ್ಪಿನಲ್ಲಿ ಹೂತು ಬೇಯಿಸಿದ ಕೋಳಿ. ದುರ್ಗದ ಬೈಲಿನಲ್ಲಿ ಬಾಣಲೆ ತಿರುವುವ ಹುಡುಗ ನೇಪಾಳದವನೋ ಬ್ಯಾಡಗಿಯವನೋ ಆಗಿರುತ್ತಾನೆ. ಅವನ ನೂಡಲ್ಸಿಗೂ ಆ ಊಟಕ್ಕೂ ಸಂಬಂಧ ಬಹಳ ದೂರದ್ದು.

ಪ್ರಶ್ನೆ: ನಮ್ಮ ಧಾರವಾಡದ ಬಾಸೆಲ್ ಮಿಷನ್ನಿನವರೇ ಹಕ್ಕಾ ಜನರ ನಡುವೆಯೂ ಕೆಲಸ ಮಾಡಿದರೆಂದು ಓದಿದೆ. ನಿಜವೇ?
– ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ನಿಜ. 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದ ಅದೇ ಸ್ವಿಸ್ ಸಂಸ್ಥೆ 1847ರಲ್ಲಿ ಥಿಯೋಡೋರ್ ಹ್ಯಾಂಬರ್ಗ್ ಮತ್ತು ರುಡಾಲ್ಫ್ ಲೆಕ್ಲರ್ ಎಂಬ ಇಬ್ಬರನ್ನು ಹಾಂಗ್‌ಕಾಂಗ್‌ಗೆ ಕಳಿಸಿತು. ಇಲ್ಲಿ ಕನ್ನಡಕ್ಕೆ ಮಾಡಿದಂತೆ ಅಲ್ಲಿಯೂ ಆಡುಮಾತನ್ನು ಕಲಿತು, ಪದಗಳನ್ನು ಕೂಡಿಸಿ, ರೋಮನ್ ಲಿಪಿಯಲ್ಲಿ ಬರೆಯತೊಡಗಿದರು. ಮತ್ತಾಯನ ಸುವಾರ್ತೆ 1860ರಲ್ಲಿ ಹಕ್ಕಾ ಮಾತಿನಲ್ಲಿ ಅಚ್ಚಾಯಿತು.

ಆ ಕಾಲ ಮಾತ್ರ ಶಾಂತವಾಗಿರಲಿಲ್ಲ. 1850ರ ಸುಮಾರಿಗೆ ಶುರುವಾಗಿ 1864ರ ತನಕ ಚೀನಾವನ್ನು ನಡುಗಿಸಿದ ತೈಪಿಂಗ್ ದಂಗೆಯ ನಾಯಕ ಹಾಂಗ್ ಶಿಯುಚ್ವಾನ್ ಹಕ್ಕಾ ಮನೆತನದವನು. ಅವನ ಬಂಧು ಹಾಂಗ್ ರೆಂಗಾನ್ ಹೇಳಿದ್ದನ್ನು ಕೇಳಿ ಹೊರಜಗತ್ತಿಗೆ ಅವನ ವೃತ್ತಾಂತ ಬರೆದುಕೊಟ್ಟವರು ಇದೇ ಹ್ಯಾಂಬರ್ಗ್. 1855ರಿಂದ 1867ರವರೆಗೆ ಗುವಾಂಗ್‌ಡಾಂಗ್‌ನಲ್ಲಿ ಸ್ಥಳೀಯರಿಗೂ ಹಕ್ಕಾ ಜನರಿಗೂ ಭೀಕರ ಕಾಳಗಗಳಾದವು. ಊರಿನಲ್ಲಿ ಇರಲಾಗದವರು ಹಡಗು ಹತ್ತಿದರು. ಉತ್ತರ ಬೋರ್ನಿಯೋವನ್ನು ಆಳುತ್ತಿದ್ದ ಬ್ರಿಟಿಷ್ ಕಂಪನಿಯೊಡನೆ ಲೆಕ್ಲರ್ ಮಾತಾಡಿ ಏರ್ಪಾಡು ಮಾಡಿದ್ದರಿಂದ 1883ರಲ್ಲಿ ಹಕ್ಕಾ ಕ್ರೈಸ್ತ ಕುಟುಂಬಗಳು ಅಲ್ಲಿನ ಕುಡಾಟ್ ಬಂದರಿನಲ್ಲಿ ಇಳಿದವು. ಇಂದಿನ ಮಲೇಷ್ಯಾದ ಸಬಾದಲ್ಲಿ ಅವರ ಚರ್ಚಿನ ಹೆಸರಿನಲ್ಲಿ ‘ಬಾಸೆಲ್’ ಈಗಲೂ ಇದೆ. ಮಿಷನ್ನಿನವರೇ ಹಕ್ಕಾ ಅಸ್ಮಿತೆಯನ್ನು ಕಟ್ಟಿದರೆಂದು ವಾದಿಸುವವರಿದ್ದಾರೆ. ಅದು ಅತಿಯಾಯಿತು ಎಂಬುದು ನನ್ನ ಅಭಿಪ್ರಾಯ. ನೆರೆಯವರ ಹಗೆತನ ಗೆರೆ ಎಳೆದಿತ್ತು. ಅದರ ಮೇಲೆ ಶಾಯಿ ಹಾಕಿದವರು ಮಿಷನ್ನಿನವರು.

ಪ್ರಶ್ನೆ: ನಮ್ಮದು ಎಸ್‌ಎಸ್‌ಕೆ (ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ) ಮನೆತನ. ಮನೆಯಲ್ಲಿ ನಮ್ಮ ಮಾತು, ಓಣಿಯಲ್ಲಿ ಕನ್ನಡ. ಮಕ್ಕಳಿಗೆ ಮನೆಮಾತು ತಿಳಿಯುತ್ತದೆ, ಆಡಲು ಬಾರದು. ಭಾಷೆ ಹೋದ ಮೇಲೆ ಸಮುದಾಯ ಉಳಿಯುವುದೇ? ಹೊರದೇಶಗಳ ಹಕ್ಕಾ ಜನರಿಗೆ ಏನಾಯಿತು?
– ಓದುಗರೊಬ್ಬರು, ಗದಗ-ಬೆಟಗೇರಿ

ಉತ್ತರ: ‘ಪೂರ್ವಜರ ಹೊಲ ಮಾರಿದರೂ ಪೂರ್ವಜರ ಮಾತು ಬಿಡಬೇಡ’ ಎಂಬುದು ಹಕ್ಕಾ ಜನರಲ್ಲಿ ಹಳೆಯ ಗಾದೆ. ನಡೆದದ್ದು ಹೆಚ್ಚಿನ ಕಡೆ ತಿರುಗುಮುರುಗು.

ವಲಸೆ ಹೋದವರನ್ನು ಮೊದಲು ಹಿಡಿದಿಟ್ಟದ್ದು ಸಂಘ. ಸಿಂಗಪುರದಲ್ಲಿ 1822ರಲ್ಲಿಯೇ ‘ಯಿಂಗ್ ಫೋ ಫುಯಿ ಕುನ್’ ಹುಟ್ಟಿತು. ಹಡಗಿಳಿದವನಿಗೆ ಮಲಗಲು ಜಾಗ, ಕೆಲಸಕ್ಕೊಂದು ಪರಿಚಯ, ಸತ್ತರೆ ಮಣ್ಣು ಮಾಡುವ ಹೊಣೆ ಇಂಥ ಸಂಘಗಳದ್ದು. ಆಗ ಅವನು ತನ್ನನ್ನು ಮೆಯ್‌ಶಿಯಾನ್‌ದವನು, ದಾಬುವಿನವನು ಎಂದು ಊರಿನ ಹೆಸರಿನಿಂದ ಹೇಳಿಕೊಳ್ಳುತ್ತಿದ್ದುದೇ ಹೆಚ್ಚು. ಬೇರೆ ಬೇರೆ ಊರಿನವರೆಲ್ಲ ಒಂದೇ ಜನವೆಂಬ ಭಾವ ಗಟ್ಟಿಯಾದದ್ದು ತಡವಾಗಿ. 1933ರಲ್ಲಿ ವಿದ್ವಾಂಸ ಲುವೊ ಶಿಯಾಂಗ್‌ಲಿನ್ ವಂಶಾವಳಿಗಳನ್ನು ಆಧರಿಸಿ ಐದು ವಲಸೆಗಳ ಇತಿಹಾಸ ಬರೆದರು. 1971ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಮೊದಲ ವಿಶ್ವ ಹಕ್ಕಾ ಸಮಾವೇಶ ನಡೆಯಿತು. ವಂಶಾವಳಿಗಳಲ್ಲಿ ದೊಡ್ಡ ಮನೆತನಗಳಿಗೆ ಗಂಟು ಹಾಕಿಕೊಂಡ ಭಾಗಗಳೂ ಇವೆಯೆಂದು ಇತಿಹಾಸಕಾರರು ಎಚ್ಚರಿಸುತ್ತಾರೆ. ನಮ್ಮಲ್ಲಿಯೂ ಹೆಳವರು ಹೊಗಳಿ ಹೇಳುವ ವಂಶದ ಕಥೆ ಕೇಳಿದವರಿಗೆ ಇದು ಹೊಸತೇನಲ್ಲ.

ಭಾಷೆ ಹೋದಲ್ಲಿ ಏನು ಉಳಿಯಿತೆಂದು ಮಾರಿಷಸ್ಸಿನಲ್ಲಿ ನೋಡಬಹುದು. ಅಲ್ಲಿನ ಕಿರಿಯರ ಮಾತು ಕ್ರಿಯೋಲ್ ಮತ್ತು ಫ್ರೆಂಚ್, ಧರ್ಮ ಬಹುಪಾಲು ಕ್ಯಾಥೊಲಿಕ್. ವಲಸೆ ಬಂದ ಅಜ್ಜನ ಪೂರ್ತಿ ಹೆಸರನ್ನೇ ದಾಖಲೆಯವರು ಅಡ್ಡಹೆಸರೆಂದು ಬರೆದುಕೊಂಡಿದ್ದರಿಂದ ‘ಲಿ ವಾನ್ ಪೋ’ ಎಂಬಂಥ ಮೂರು ತುಂಡಿನ ಅಡ್ಡಹೆಸರುಗಳು ಅಲ್ಲಿ ಸಾಮಾನ್ಯ. ಚೀನೀ ಅಕ್ಷರ ಓದಲಾರದ ಮರಿಮಗನೂ ಅಜ್ಜನನ್ನು ಹೆಸರಿನಲ್ಲಿಯೇ ಹೊತ್ತು ತಿರುಗುತ್ತಾನೆ. ಹಕ್ಕಾ ಮೂಲದ ವ್ಯಾಪಾರಿ, ಸಚಿವ ಮೊಯ್ಲಿನ್ ಜಾನ್ ಆ-ಚುಯೆನ್ ಅವರ ಚಿತ್ರ ಆ ದೇಶದ 25 ರೂಪಾಯಿ ನೋಟಿನ ಮೇಲಿದೆ. ಸಿಂಗಪುರದಲ್ಲಿ 1979ರಿಂದ ಸರ್ಕಾರವೇ ಮ್ಯಾಂಡರಿನ್ ಪ್ರಚಾರಕ್ಕೆ ಇಳಿದ ಮೇಲೆ ಮನೆಮಾತುಗಳು ಸೊರಗಿದವು. ಸಂಘದ ಕಟ್ಟಡಕ್ಕೆ ಏನೂ ಆಗಿಲ್ಲ.

ತೈವಾನ್‌ನಲ್ಲಿ 1988ರ ಡಿಸೆಂಬರಿನಲ್ಲಿ ‘ನಮ್ಮ ತಾಯ್ನುಡಿ ಮರಳಿಸಿ’ ಎಂದು ಜನ ಬೀದಿಗಿಳಿದರು. 2001ರಲ್ಲಿ ಹಕ್ಕಾ ವ್ಯವಹಾರಗಳ ಸರ್ಕಾರಿ ಇಲಾಖೆ, 2003ರಲ್ಲಿ ಟಿವಿ ವಾಹಿನಿ ಬಂದವು. 2010ರ ಕಾನೂನು, ಹಕ್ಕಾ ರಕ್ತಸಂಬಂಧವೋ ನಂಟೋ ಇದ್ದು, ತಾನು ಹಕ್ಕಾ ಎಂದು ತಾನೇ ಒಪ್ಪಿಕೊಂಡವರೆಲ್ಲ ಹಕ್ಕಾ ಎಂದಿತು; ಮಾತು ಬರಬೇಕೆಂಬ ಷರತ್ತು ಅದರಲ್ಲಿಲ್ಲ. ಇಷ್ಟಾದರೂ ಅಲ್ಲಿನ ಎಳೆಯರ ಬಾಯಲ್ಲಿ ಆ ಭಾಷೆ ಕಡಿಮೆಯಾಗುತ್ತಲೇ ಇದೆ.

ಆದ್ದರಿಂದ ತಮ್ಮ ಪ್ರಶ್ನೆಗೆ ನನ್ನ ಉತ್ತರ: ಸಮುದಾಯ ಉಳಿಯುತ್ತದೆ, ಆದರೆ ಅದು ವರ್ಷಕ್ಕೊಮ್ಮೆ ಸೇರುವ ಸಮುದಾಯವಾಗಿ ಉಳಿಯುತ್ತದೆ. ಭಾಷೆಯನ್ನು ಉಳಿಸುವುದು ಸಂಘವಲ್ಲ, ದಿನದ ವ್ಯವಹಾರ. ಇಂಡೊನೇಷ್ಯಾದ ಪಶ್ಚಿಮ ಕಾಲಿಮಂತಾನ್‌ಗೆ ಹದಿನೆಂಟನೆಯ ಶತಮಾನದಲ್ಲಿ ಚಿನ್ನದ ಗಣಿ ಅಗೆಯಲು ಹೋದ ಹಕ್ಕಾ ಜನ, 1777ರಲ್ಲಿ ಲುವೊ ಫಾಂಗ್ಬೊ ಎಂಬವನ ನೇತೃತ್ವದಲ್ಲಿ ತಮ್ಮದೇ ಆಡಳಿತದ ಕೂಟ ಕಟ್ಟಿಕೊಂಡಿದ್ದರು. ಡಚ್ಚರು 1884ರಲ್ಲಿ ಅದನ್ನು ಮುಗಿಸಿದರು. ಮುಂದೆ ಅಧ್ಯಕ್ಷ ಸುಹಾರ್ತೋ ಕಾಲದಲ್ಲಿ ಚೀನೀ ಶಾಲೆಗಳು ಮುಚ್ಚಿದವು, ಬೋರ್ಡಿನ ಮೇಲೆ ಚೀನೀ ಅಕ್ಷರವೂ ನಿಷಿದ್ಧವಾಯಿತು. ಆದರೂ ಆ ಸೀಮೆಯ ಸಿಂಗ್ಕಾವಾಂಗ್ ಪಟ್ಟಣದ ಸಂತೆಯಲ್ಲಿ ತರಕಾರಿಯ ಚೌಕಾಸಿ ಇಂದಿಗೂ ಹಕ್ಕಾ ಮಾತಿನಲ್ಲಿಯೇ ನಡೆಯುತ್ತದೆ.