ನನ್ನ ಸತ್ಯ ಹುಡುಕುವಾಗ ಒಳಮನಸ್ಸಿನ ಮಾತನ್ನು ಎಷ್ಟು ನಂಬಬೇಕು?

ನಂಬಿ, ಆದರೆ ಅದು ಎಲ್ಲಿ ಪಳಗಿದೆ ಅಂತ ನೋಡಿ. ಕೆ.ಆರ್. ಮಾರ್ಕೆಟ್ಟಿನಲ್ಲಿ ವರ್ಷಗಟ್ಟಲೆ ಹೂ ಮಾರಿದವರು ಮಲ್ಲಿಗೆ ಮೊಗ್ಗನ್ನು ಮುಟ್ಟಿಯೇ ನಿನ್ನೆಯದೋ ಇವತ್ತಿನದೋ ಹೇಳುತ್ತಾರೆ. ತಪ್ಪಿದರೆ ಸಂಜೆಯೊಳಗೆ ಗೊತ್ತಾಗುತ್ತದೆ, ಹಾಗಾಗಿ ಆ ಅಂದಾಜು ಗಟ್ಟಿ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನ್ಮನ್, ಗ್ಯಾರಿ ಕ್ಲೈನ್ 2009ರಲ್ಲಿ ಹೇಳಿದ್ದೂ ಇದನ್ನೇ: ಒಳಮನಸ್ಸಿನ ಅಂದಾಜನ್ನು ನಂಬಬೇಕಾದರೆ ಕೆಲಸಕ್ಕೊಂದು ಕ್ರಮ ಇರಬೇಕು, ಸರಿತಪ್ಪು ತಿಳಿಯುತ್ತಾ ಅಭ್ಯಾಸ ಆಗಿರಬೇಕು. ಷೇರು ಪೇಟೆಯ ಏರಿಳಿತಕ್ಕೆ ಅಂಥ ಕ್ರಮ ಇಲ್ಲ, ಹಾಗಾಗಿ ಅಲ್ಲಿ ಮನಸ್ಸನ್ನು ನಂಬಬೇಡಿ. ಆದರೆ ಯಾವ ಕೆಲಸ ನಿಮ್ಮನ್ನು ಹಿಂಡುತ್ತಿದೆ, ಯಾರ ಮುಂದೆ ನೀವು ನಾಟಕ ಆಡುತ್ತಿದ್ದೀರಿ ಅನ್ನೋದು ನಿಮಗಿಂತ ಜಾಸ್ತಿ ಯಾರಿಗೆ ಗೊತ್ತು, ಅಲ್ವಾ? ಇಂಥ ವಿಷಯದಲ್ಲಿ ಯಾವ ಗುರು ಏನೇ ಹೇಳಲಿ, ಮನಸ್ಸಿನ ಕಸಿವಿಸಿಯನ್ನು ಸುಮ್ನೆ ತಳ್ಳಿಹಾಕಬೇಡಿ. ಅದು ಬರೀ ಭಯವೇನೋ ಅನ್ನಿಸಿದರೆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ಬೆಳಿಗ್ಗೆ ಮತ್ತೆ ಕೇಳಿಕೊಳ್ಳಿ.