ಅಂಗನವಾಡಿಯ ಊಟ ಮನೆಯ ಊಟಕ್ಕೆ ಬದಲಿಯಲ್ಲ

ಪ್ರಶ್ನೆ: ನನ್ನ ಸೊಸೆಗೆ ಈಗ ಐದು ತಿಂಗಳು. ಅಂಗನವಾಡಿ ಕಾರ್ಯಕರ್ತೆ ದಿನವೂ ಮಧ್ಯಾಹ್ನದ ಊಟಕ್ಕೆ ಕರೆಯುತ್ತಾರೆ. ಹೊಲಮನೆಯುಳ್ಳ ನಮ್ಮಂಥವರ ಸೊಸೆ ಅಲ್ಲಿಗೆ ಹೋಗಿ ಉಣ್ಣುವುದು ಸರಿಯೇ? ಡಬ್ಬಿಯಲ್ಲಿ ಮನೆಗೆ ತಂದರೆ ಆಗದೇ? ನಾವು ಮೊಟ್ಟೆ ತಿನ್ನುವವರಲ್ಲ. ಬಸುರಿ ಹೆಚ್ಚು ಉಂಡರೆ ಕೂಸು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂದೂ ಹಿರಿಯರು ಹೇಳುತ್ತಾರೆ.
– ಒಬ್ಬ ಅತ್ತೆ, ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ

ಉತ್ತರ: ತಾಯಿ, ಸಂಕೋಚವಿಲ್ಲದೆ ಕಳಿಸಿಕೊಡಿ. ಗರ್ಭಿಣಿಗೆ, ಹೆರಿಗೆಯಾದ ಮೇಲೆ ಆರು ತಿಂಗಳವರೆಗೆ ಬಾಣಂತಿಗೆ ಅಂಗನವಾಡಿಯಲ್ಲಿ ಉಚಿತ ಊಟ ಸಿಗಬೇಕೆಂಬುದು 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಕೊಟ್ಟಿರುವ ಹಕ್ಕು. ಅದರಲ್ಲಿ ಉಳ್ಳವರು, ಇಲ್ಲದವರು ಎಂಬ ಭೇದವಿಲ್ಲ. ನಮ್ಮ ರಾಜ್ಯದಲ್ಲಿ 2017ರ ಅಕ್ಟೋಬರ್ 2ರಿಂದ ಎಲ್ಲೆಡೆ ಜಾರಿಗೆ ಬಂದ ಮಾತೃಪೂರ್ಣ ಯೋಜನೆಯನ್ನು ಅದಕ್ಕೂ ಮೊದಲು ಪ್ರಾಯೋಗಿಕವಾಗಿ ನಡೆಸಿದ ತಾಲ್ಲೂಕುಗಳಲ್ಲಿ ನಿಮ್ಮ ನೆರೆಯ ಬಾಗಲಕೋಟೆ ಜಿಲ್ಲೆಯ ಜಮಖಂಡಿಯೂ ಒಂದು. ಅನ್ನ, ಸಾರು, ಪಲ್ಯದ ಜೊತೆಗೆ ಹಾಲು, ಮೊಟ್ಟೆ, ಶೇಂಗಾ ಚಿಕ್ಕಿ ಕೊಡುವುದು ಅದರ ಕ್ರಮ. ಮೊಟ್ಟೆ ತಿನ್ನದವರಿಗೆ ಮೊಳಕೆ ಕಾಳು ಕೊಡುವುದುಂಟು. ಕಾರ್ಯಕರ್ತೆಗೆ ಮೊದಲೇ ತಿಳಿಸಿಡಿ.

ಡಬ್ಬಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ನಡೆಯಲು ವೈದ್ಯರು ಬೇಡವೆಂದಿರದಿದ್ದರೆ ಅಲ್ಲಿಯೇ ಕುಳಿತು ಉಣ್ಣಲಿ. ಡಬ್ಬಿ ಮನೆಗೆ ಬಂದರೆ ಚಿಕ್ಕಿ ಮಕ್ಕಳ ಕೈ ಸೇರುತ್ತದೆ, ಹಾಲು ಚಹಾಕ್ಕೆ ಹೋಗುತ್ತದೆ, ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಸೊಸೆಗೆ ಉಳಿದಷ್ಟೇ ಗತಿಯಾಗುತ್ತದೆ. ಉಳ್ಳವರ ಮನೆಯಲ್ಲಿಯೂ ಹೀಗಾಗುವುದನ್ನು ಅಲ್ಲಗಳೆಯಲಾಗದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆಯಿದೆ.

ಆದರೆ ಅಲ್ಲಿ ಉಂಡು ಬಂದಳೆಂದು ಮನೆಯಲ್ಲಿ ಕಡಿಮೆ ಬಡಿಸಬೇಡಿ. ಗರ್ಭಿಣಿಗೆ ದಿನಕ್ಕೆ ಸುಮಾರು 350 ಕಿಲೋ ಕ್ಯಾಲೊರಿ ಹೆಚ್ಚು ಬೇಕು. ಒಂದು ಜೋಳದ ರೊಟ್ಟಿ, ಒಂದು ಬಟ್ಟಲು ಮಡಿಕೆ ಕಾಳಿನ ಪಲ್ಯ, ಸ್ವಲ್ಪ ಶೇಂಗಾ ಹಿಂಡಿ ಸೇರಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಇಷ್ಟರಿಂದ ಕೂಸು ಹೆರಿಗೆಗೆ ತೊಡಕಾಗುವಷ್ಟು ಬೆಳೆಯುವುದಿಲ್ಲ. ಕೂಸು ಅತಿಯಾಗಿ ದಪ್ಪವಾಗಲು ಹಲವು ಸಲ ತಾಯಿಯ ಸಕ್ಕರೆ ಕಾಯಿಲೆ ಕಾರಣವಾಗಿರುತ್ತದೆ, ಅದನ್ನು ರಕ್ತ ಪರೀಕ್ಷೆಯಿಂದ ತಿಳಿಯಬೇಕೇ ಹೊರತು ಊಟ ಕಡಿಮೆ ಮಾಡಿ ತಡೆಯಲಾಗದು. ಬದಲಿಗೆ ತಾಯಿ ಅರೆಹೊಟ್ಟೆಯಲ್ಲಿದ್ದರೆ ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸು ಹುಟ್ಟುವ ಅಪಾಯವಿದೆ, ನನಗೆ ನಿಜವಾದ ಆತಂಕ ಅದರದೇ.

ಕಬ್ಬಿಣಾಂಶದ ಗುಳಿಗೆಯನ್ನು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ತೆಗೆದುಕೊಳ್ಳಬೇಕು. ಮಲ ಕಪ್ಪಾದರೆ ಹೆದರಿ ನಿಲ್ಲಿಸಬೇಡಿ, ಅದು ಸಹಜ. ಉಂಡ ಕೂಡಲೇ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ, ಆದ್ದರಿಂದ ಒಂದು ತಾಸಾದರೂ ಬಿಡಲಿ. ಮೆಂತ್ಯ, ರಾಜಗಿರಿ ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಒಳ್ಳೆಯದು. ಕ್ಯಾಲ್ಸಿಯಂ ಗುಳಿಗೆಯನ್ನು ಇದರೊಂದಿಗೆ ನುಂಗದೆ ಬೇರೆ ಹೊತ್ತಿಗೆ ಇಟ್ಟುಕೊಳ್ಳಲಿ.

ಕುಬಸ ಮುಗಿಸಿ ಸೊಸೆ ತವರಿಗೆ ಹೊರಟಾಗ ತಾಯಿ ಕಾರ್ಡ್ ಜೊತೆಯಲ್ಲಿರಲಿ. ಹೊರಡುವ ಮುನ್ನವೇ ನಿಮ್ಮೂರಿನ ಕಾರ್ಯಕರ್ತೆಗೆ ಹೇಳಿ, ಬೀಗರಿಗೂ ತಿಳಿಸಿ, ತವರೂರಿನ ಅಂಗನವಾಡಿಯಲ್ಲಿ ಹೆಸರು ಸೇರಿಸಿದರೆ ಕೊನೆಯ ತಿಂಗಳುಗಳಲ್ಲಿಯೂ ಬಾಣಂತನದಲ್ಲಿಯೂ ಊಟ ತಪ್ಪುವುದಿಲ್ಲ.