ನಿಮಗೇನು ಗೊತ್ತು ಮೇಡಂ?

ಪ್ರಶ್ನೆ: ಮಗನಿಗೆ 4 ವರ್ಷ. ಕರೆದರೆ ತಿರುಗಿ ನೋಡಲ್ಲ, ಮಾತು ಬಂದಿಲ್ಲ. ಆಟಿಸಂ ಅಂತ ಡಾಕ್ಟರು ಹೇಳಿದ್ದಾರೆ. ಅತ್ತೆ, ನಾದಿನಿ ಎಲ್ಲಾ ‘ಮೊಬೈಲ್ ಕೊಟ್ಟು ನೀನೇ ಕೆಡಿಸಿದೆ’ ಅಂತಾರೆ. ಥೆರಪಿಯವರು ದಿನಾ ಮಾಡಿಸೋಕೆ 18 ಚಟುವಟಿಕೆ ಬರೆದುಕೊಟ್ಟಿದ್ದಾರೆ. ನಾಲ್ಕು ಮಾಡಿಸೋದರೊಳಗೆ ರಾತ್ರಿ ಆಗುತ್ತೆ. ಮಾಡಿಸಿಲ್ಲ ಅಂದರೆ ಬೈತಾರೆ. ಇಂಥ ಮಗು ಇರೋ ಮನೆ ಹೇಗಿರುತ್ತೆ ಅಂತ ನಿಮ್ಮಂಥವರಿಗೆ ಏನು ಗೊತ್ತು ಮೇಡಂ?
– ಹೆಸರು ಬೇಡ, ಚಳ್ಳಕೆರೆ

ಉತ್ತರ: ಸ್ವಲ್ಪ ಗೊತ್ತಮ್ಮಾ. ನನ್ನ ತಮ್ಮನಿಗೂ ಇದೇ ಇತ್ತು. ಆಗ ನಮ್ಮ ಓಣಿಯಲ್ಲಿ ಈ ಹೆಸರು ಯಾರೂ ಕೇಳಿರಲಿಲ್ಲ. ‘ಮೂಗ’ ಅಂತಿದ್ದರು, ಅಷ್ಟೇ.

ಅಪ್ಪ ದಾವಣಗೆರೆಯ ಬಟ್ಟೆ ಮಿಲ್ಲಿನಲ್ಲಿದ್ದರು. ಮಿಲ್ಲು ಮುಚ್ಚಿತು. ಅವ್ವ ಮಂಡಕ್ಕಿ ಭಟ್ಟಿಗೆ ಕೂಲಿಗೆ ಹೋದಳು, ಬೆಳಗ್ಗೆ ಹೊತ್ತು ತಮ್ಮನನ್ನೂ ಕರೆದುಕೊಂಡು. ಬಿಸಿ ಮರಳಿನಲ್ಲಿ ಅಕ್ಕಿ ಅರಳುವ ಸದ್ದು ಅವನಿಗೆ ಬಲು ಇಷ್ಟ. ಅಲ್ಲಿ ಮಾತ್ರ ಸುಮ್ನೆ ಕೂರುತ್ತಿದ್ದ.

ಒಮ್ಮೆ ಅವನನ್ನು ಒಬ್ಬ ಡಾಕ್ಟರ ಹತ್ತಿರ ಕರೆದೊಯ್ದಳು. ‘ಮಗೂನ ಎತ್ಕೊಂಡು ಮುದ್ದು ಮಾಡ್ತಿದ್ದೆಯೇನಮ್ಮ?’ ಅಂತ ಅವರು ಕೇಳಿದರಂತೆ. ಅವತ್ತು ರಾತ್ರಿ ಅವ್ವ ರೊಟ್ಟಿ ಬಡಿಯಲಿಲ್ಲ.

ಆ ಪ್ರಶ್ನೆ ಎಲ್ಲಿಂದ ಬಂತು ಅಂತ ನನಗೆ ಗೊತ್ತಾಗಿದ್ದು ಕಾಲೇಜಿನಲ್ಲಿ. 1943ರಲ್ಲಿ ಲಿಯೋ ಕ್ಯಾನರ್ ಎಂಬ ಅಮೆರಿಕದ ವೈದ್ಯರು ಆಟಿಸಂ ಬಗ್ಗೆ ಬರೆದರು. ಆಮೇಲೆ ಬಹಳ ವರ್ಷ ಅಲ್ಲಿನ ತಜ್ಞರು ತಾಯಂದಿರನ್ನೇ ದೂರಿದರು. ‘ಫ್ರಿಜ್ ತಾಯಿ’ ಅಂತ ಹೆಸರನ್ನೂ ಇಟ್ಟರು. ಪ್ರೀತಿ ತಣ್ಣಗಾಗಿದ್ದಕ್ಕೆ ಮಗು ಹೀಗಾಯಿತಂತೆ! ಅದು ಸುಳ್ಳು ಅಂತ ಎದ್ದು ನಿಂತವರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ಒಬ್ಬರು. ನೌಕಾಪಡೆಯಲ್ಲಿದ್ದ ಮನಶ್ಶಾಸ್ತ್ರಜ್ಞ. ಅವರ ಮಗನಿಗೇ ಆಟಿಸಂ ಇತ್ತು. ಇದು ಮಿದುಳಿಗೆ ಸಂಬಂಧಿಸಿದ್ದು, ಸಾಕಿದ ರೀತಿಯಿಂದ ಬಂದಿದ್ದಲ್ಲ ಅಂತ 1964ರಲ್ಲಿ ಪುಸ್ತಕವನ್ನೇ ಬರೆದರು. (ಮುಂದೆ ಅವರು ಹೇಳಿದ್ದೆಲ್ಲ ಸರಿ ಅಂತ ಸಾಬೀತಾಗಲಿಲ್ಲ, ಅದು ಬೇರೆ ಮಾತು.) ಮೊಬೈಲಿನದೂ ಅಷ್ಟೇ. ಜಾಸ್ತಿ ನೋಡಿದರೆ ಆಟ, ಮಾತಿನ ಹೊತ್ತು ಹೋಗುತ್ತೆ, ಹಾಗಾಗಿ ಕಡಿಮೆ ಮಾಡಿ. ಆದರೆ ಆಟಿಸಂ ಬಂದಿದ್ದು ಅದರಿಂದಲ್ಲ.

ಇನ್ನೊಂದು ಒಪ್ಪಿಕೊಳ್ಳಬೇಕು. ಕಷ್ಟ ಕಂಡವರಿಗೆ ಕರುಣೆ ತಾನಾಗೇ ಬರುತ್ತೆ ಅಂತಾರಲ್ವಾ? ನನಗೆ ಬರಲಿಲ್ಲ. ಇಂಥ ಮಕ್ಕಳ ಜೊತೆ ಕೆಲಸ ಶುರು ಮಾಡಿದ ಮೊದಲ ವರ್ಷಗಳಲ್ಲಿ ನಾನೂ ಬೈಯುತ್ತಿದ್ದೆ. ಜಗಳೂರು ಕಡೆಯ ಒಬ್ಬ ತಾಯಿ ಹೇಳಿದ್ದನ್ನು ಮಾಡಿಸದೆ ಬಂದಾಗ, ‘ನಮ್ಮವ್ವ ಭಟ್ಟಿ ಕೆಲಸ ಮುಗಿಸಿ ಬಂದೂ ಮಾಡ್ತಿದ್ಳು’ ಅಂದೆ. ಆಕೆ ಮೆಲ್ಲಗೆ, ‘ನಿಮ್ಮವ್ವಂಗೆ ನೀವಿದ್ರಿ ಮೇಡಂ. ನನಗ್ಯಾರಿದಾರೆ?’ ಅಂದಳು.

ಹೌದಲ್ಲ! ಮಧ್ಯಾಹ್ನ ಶಾಲೆ ಬಿಟ್ಟು ತಮ್ಮನನ್ನು ಕಾಯುತ್ತಿದ್ದವಳು ಒಂಬತ್ತು ವರ್ಷದ ನಾನು. ಅವ್ವನ ಕಥೆ ಹೇಳುವಾಗೆಲ್ಲ ಅದನ್ನೇ ಬಿಟ್ಟುಬಿಟ್ಟಿದ್ದೆ. ಅವತ್ತಿನಿಂದ ಯಾರೇ ಬರಲಿ, ಮೊದಲು ಕೇಳೋದು, ‘ನೀವು ಒಂದು ಗಂಟೆ ಮಲಗಿದರೆ ಮಗೂನ ಯಾರು ನೋಡ್ಕೋತಾರೆ?’ ಜೊತೆಗೆ ಅಕ್ಕನೋ ಅಣ್ಣನೋ ಬಂದಿದ್ದರೆ ಅವರಿಗೂ ಒಂದು ಕುರ್ಚಿ ಹಾಕಿಸುತ್ತೇನೆ.

ನಿಮ್ಮ ವಿಷಯಕ್ಕೆ ಬರೋಣ. ಕಿವಿ ಪರೀಕ್ಷೆ ಆಗಿಲ್ಲದಿದ್ದರೆ ಮೊದಲು ಮಾಡಿಸಿ. ಆ 18ರ ಪಟ್ಟಿಯನ್ನು ಸದ್ಯಕ್ಕೆ ಮಡಚಿಡಿ. ಸ್ನಾನ ಹೇಗೂ ಮಾಡಿಸುತ್ತೀರಿ. ತಂಬಿಗೆ ಎತ್ತಿ ಹಿಡಿದು ‘ನೀರು’ ಅನ್ನಿ. ನಿಮ್ಮ ಕಡೆ ನೋಡುತ್ತಾನಾ ಅಂತ ಒಂದು ಕ್ಷಣ ಕಾಯಿರಿ, ಆಮೇಲೆ ಹಾಕಿ. ನೋಡದಿದ್ದರೂ ಹಾಕಿ. ಊಟದಲ್ಲೂ ಹಾಗೇ, ಒಂದೇ ಸಲ ಬಡಿಸದೆ ಸ್ವಲ್ಪ ಸ್ವಲ್ಪ ಕೊಡಿ. ಇದೂ ಥೆರಪಿಯೇ. ಥೆರಪಿಯವರಿಗೂ ‘ಇಷ್ಟೇ ಆಗೋದು’ ಅಂತ ನೇರವಾಗಿ ಹೇಳಿ. ಮುಂದಿನ ಸಲ ಯಜಮಾನರನ್ನೂ ಅತ್ತೆಯನ್ನೂ ಕರೆದೊಯ್ಯಿರಿ. ಮೊಬೈಲಿನ ಮಾತು ಡಾಕ್ಟರ ಬಾಯಿಂದಲೇ ಕೇಳಲಿ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿ. ಕೇಂದ್ರ ಸರ್ಕಾರದ ‘ನಿರಾಮಯ’ ಆರೋಗ್ಯ ವಿಮೆಯಲ್ಲಿ ಚಿಕಿತ್ಸೆಗೆ 1 ಲಕ್ಷ ರೂಪಾಯಿವರೆಗೆ ಸಿಗುತ್ತೆ. ರಾತ್ರಿ ತೀರಾ ತಡೆಯಲಾಗದೆ ಅಳು ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಮತ್ತೆ ಬರೆಯಿರಿ. ನಿಮ್ಮ ಮಗನಿಗೆ ಏನಿಷ್ಟ ಅಂತಲೂ ಬರೆಯಿರಿ. ಪತ್ರದಲ್ಲಿ ಅದೊಂದು ಇರಲಿಲ್ಲ.